ಮಕ್ಕಳೊಡನೆ ನಾಲ್ಕು ದಿನದ ದ್ವೀಪವಾಸ



ದ್ವೀಪವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ‘ಎರಡು ಕಡೆ ನೀರುಳ್ಳದ್ದು’ ಎಂಬ ವ್ಯುತ್ಪತ್ತಿಯನ್ನು ಹೇಳುತ್ತಾರೆ. ನಮ್ಮ ಕನ್ನಡದ ನಡುಗಡ್ಡೆ ಎಂಬ ಮಾತು ಇನ್ನೂ ಸರಳವಾದುದು: ನೀರಿನ ನಡುವೆ ತಲೆಯೆತ್ತಿದ ಗಡ್ಡೆ. ಕರಾವಳಿಯವರು ಹೊಳೆಯ ನಡುವಣ ಇಂಥ ನೆಲವನ್ನು ಕುದ್ರು ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಅದನ್ನು ಕೇಳಿದೊಡನೆ ಪಟ್ಟಣದಲ್ಲಿ ಬಾಳುವ ನಮ್ಮಂಥವರ ಮನಸ್ಸಿನಲ್ಲಿ ಏಳುವ ಚಿತ್ರ ಬಹುಮಟ್ಟಿಗೆ ಒಂದೇ. ವಾಹನಗಳ ಸದ್ದಿಲ್ಲ, ಬಾಗಿಲು ಬಡಿಯುವವರಿಲ್ಲ. ಬಿಳಿಯ ಮರಳು, ತೆಂಗಿನ ಸಾಲು, ತಿಳಿಯಾದ ನೀರು. ಆ ನೀರಿನಂಚಿನಲ್ಲಿ ಗುಬ್ಬಚ್ಚಿಗೂಡು ಕಟ್ಟುತ್ತ ಕುಳಿತ ನಮ್ಮ ಮಕ್ಕಳು. ಈ ಚಿತ್ರ ಸುಳ್ಳೆಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಅದು ನಿಜವಾಗಬೇಕಾದರೆ ಮನೆಯಲ್ಲಿ ಕುಳಿತೇ ಯೋಚಿಸಬೇಕಾದ ಕೆಲವು ಸಂಗತಿಗಳಿವೆ ಎಂಬುದಷ್ಟೇ ಇಂದಿನ ನನ್ನ ಮಾತು.

ಮೂವತ್ತು ವರ್ಷಕಾಲ ಶಾಲೆಯಲ್ಲಿ ಭೂಗೋಳ ಪಾಠ ಹೇಳಿದವಳು ನಾನು. ಕರಿಹಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಸಲ ದ್ವೀಪವನ್ನು ಬರೆದಿದ್ದೇನೆ. ‘ಸುತ್ತಲೂ ನೀರಿನಿಂದ ಆವೃತವಾದ ಭೂಭಾಗ’ ಎಂದು ಮಕ್ಕಳಿಂದ ಹೇಳಿಸಿದ್ದೇನೆ. ಆದರೆ ಆ ‘ಸುತ್ತಲೂ’ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ನಿವೃತ್ತಳಾದ ಮೇಲೆ, ಒಂದೇ ಒಂದು ರಾತ್ರಿಯಲ್ಲಿ.

ಮಗ, ಸೊಸೆ, ಐದು ವರ್ಷದ ಮೊಮ್ಮಗಳು ಹಾಗೂ ಮೂರು ತುಂಬಿದ ಮೊಮ್ಮಗನೊಡನೆ ನಾವು ಪಶ್ಚಿಮ ಕರಾವಳಿಯ ಒಂದು ಪುಟ್ಟ ನಡುಗಡ್ಡೆಗೆ ಹೋಗಿದ್ದೆವು. ಅದರ ಹೆಸರನ್ನು ಹೇಳಲಾರೆ. ತಪ್ಪು ದ್ವೀಪದ್ದಲ್ಲ, ನಮ್ಮದು. ಅಲ್ಲಿದ್ದುದು ಒಂದೇ ವಸತಿಗೃಹ, ನಾವಲ್ಲದೆ ಬೇರೆ ಅತಿಥಿಗಳಿಲ್ಲ. ಇಷ್ಟು ಶಾಂತವಾದ ಸ್ಥಳ ಮತ್ತೆಲ್ಲಿ ಸಿಕ್ಕೀತೆಂದು ಹಿಗ್ಗಿದೆವು. ಎರಡನೆಯ ದಿನ ಸಂಜೆ ಕಿರಿಯವನಿಗೆ ವಾಂತಿ ಶುರುವಾಯಿತು, ಅದರ ಹಿಂದೆಯೇ ಭೇದಿ. ರಾತ್ರಿ ಹತ್ತರ ಹೊತ್ತಿಗೆ ಮಗು ಅಳುವುದನ್ನೂ ಬಿಟ್ಟು ಮಂಕಾಗಿ ಮಲಗಿತು. ಮಗ ಓಡಿಹೋಗಿ ದೋಣಿಯವನನ್ನು ಎಬ್ಬಿಸಿದ. ಅವನು ಲಾಂದ್ರ ಹಿಡಿದು ದಡಕ್ಕೆ ಕರೆದೊಯ್ದು ತೋರಿಸಿದ: ನೀರು ಇಳಿದುಹೋಗಿ, ದೋಣಿ ಕೆಸರಿನಲ್ಲಿ ಕುಳಿತಿತ್ತು. “ಉಬ್ಬರ ಏರುವುದು ಬೆಳಗಿನ ಜಾವಕ್ಕೆ ಸ್ವಾಮಿ, ಅಲ್ಲಿಯ ತನಕ ಯಾರಿಂದಲೂ ಸಾಧ್ಯವಿಲ್ಲ” ಎಂದ. ಎದುರು ದಡದ ದೀಪಗಳು ಕಣ್ಣಿಗೆ ಕಾಣುತ್ತಿದ್ದವು. ಆ ದೀಪಗಳಿಗೂ ನಮಗೂ ನಡುವೆ ಆರು ಗಂಟೆಗಳ ದೂರವಿತ್ತು.

ನಮ್ಮ ಚೀಲದಲ್ಲಿ ಜ್ವರದ ಔಷಧವಿತ್ತು, ಸೊಳ್ಳೆಯ ಮುಲಾಮಿತ್ತು. ಬೇಕಾದ ಒಂದು ಪುಡಿಯ ಪೊಟ್ಟಣ ಮಾತ್ರ ಇರಲಿಲ್ಲ. ಅಡುಗೆಮನೆಯಲ್ಲಿದ್ದ ವಯಸ್ಸಾದ ಹೆಂಗಸು ಅಕ್ಕಿಯನ್ನು ಚೆನ್ನಾಗಿ ಬೇಯಿಸಿ, ತೆಳ್ಳಗೆ ಗಂಜಿ ಮಾಡಿ, ಚಿಟಿಕೆ ಉಪ್ಪು ಬೆರೆಸಿ ತಂದಳು. ಒಂದು ಚಮಚ ಕುಡಿಸಿ, ಒಂದೆರಡು ನಿಮಿಷ ತಡೆದು, ಮತ್ತೊಂದು ಚಮಚ. ವಾಂತಿಯಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ. ಸೊಸೆಯ ಕಣ್ಣಲ್ಲಿ ನೀರು ಬಂದಾಗ, “ಅಳಬೇಡ ಮಗಾ, ಚಮಚ ನಿಲ್ಲಿಸಬೇಡ” ಎಂದಳು. ಹೀಗೆ ಇರುಳೆಲ್ಲ ಕಳೆಯಿತು. ಬೆಳಗಿನ ಜಾವ ಮಗು ಮೂತ್ರ ಮಾಡಿತು. ಆ ಒದ್ದೆಯಾದ ಚಡ್ಡಿಯನ್ನು ಕಂಡು ನಾವೆಲ್ಲ ಹಬ್ಬವಾದಂತೆ ಸಂತೋಷಪಟ್ಟೆವು. ನಸುಕಿನಲ್ಲಿ ದೋಣಿ ತೇಲಿತು. ಆಸ್ಪತ್ರೆಯಲ್ಲಿ ವೈದ್ಯರು ಮಗುವನ್ನು ಪರೀಕ್ಷಿಸಿ, “ರಾತ್ರಿ ಏನು ಕೊಟ್ಟಿರಿ?” ಎಂದು ಕೇಳಿದರು. ಗಂಜಿಯ ಕಥೆ ಹೇಳಿದೆವು. “ಅದೇ ಕಾಪಾಡಿತು” ಎಂದರು.

೧೯೭೧ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಸಮಯದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಬನಗಾಂವ್‌ನಲ್ಲಿ ಉಪ್ಪು-ಸಕ್ಕರೆಯ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿಯೇ ಅಸಂಖ್ಯಾತ ಜೀವಗಳನ್ನು ಉಳಿಸಿದರೆಂಬುದನ್ನು ನಾನು ಎಲ್ಲೋ ಓದಿದ್ದೆ. ಓದಿದ್ದುದು ಚೀಲಕ್ಕೆ ಇಳಿದಿರಲಿಲ್ಲ. ಈಗ ಎಲ್ಲ ಔಷಧದ ಅಂಗಡಿಗಳಲ್ಲಿಯೂ ದೊರೆಯುವ ಓ.ಆರ್.ಎಸ್. ಪುಡಿ ಅದೇ ತತ್ತ್ವದ್ದು.

ಆ ರಾತ್ರಿ ನನಗೆ ಹೊಳೆದ ಸತ್ಯ ಇಷ್ಟು. ದ್ವೀಪದ ನಿಶ್ಶಬ್ದತೆಯೆಂಬುದು ಎಲ್ಲಿಂದಲೋ ಬಂದ ವರವಲ್ಲ. ಅದು ದೂರದಿಂದ ಹುಟ್ಟಿದ್ದು. ಯಾವ ನೀರು ಪಟ್ಟಣದ ಗಲಾಟೆಯನ್ನು ಅಲ್ಲಿಗೆ ಬಾರದಂತೆ ತಡೆಯುತ್ತದೆಯೋ ಅದೇ ನೀರು ವೈದ್ಯನನ್ನೂ ತಡೆಯುತ್ತದೆ. ದೊಡ್ಡವರು ತಮ್ಮ ಪಾಲಿಗೆ ಎಷ್ಟು ದೂರವನ್ನು ಬೇಕಾದರೂ ಕೊಂಡುಕೊಳ್ಳಬಹುದು. ಮಕ್ಕಳ ಪಾಲಿಗೆ ಕೊಳ್ಳುವಾಗ ಅಳೆದು ಕೊಳ್ಳಬೇಕು. ಮುಂದೆ ಎರಡು ವರ್ಷಗಳಾದ ಮೇಲೆ ಮತ್ತೆ ದ್ವೀಪಕ್ಕೆ ಹೋಗುವ ಮಾತು ಮನೆಯಲ್ಲಿ ಬಂದಾಗ ಸೊಸೆ ಒಪ್ಪಲಿಲ್ಲ. ಅವಳನ್ನು ಒಪ್ಪಿಸಲು ನಾನು ನಾಲ್ಕು ಮಾತುಗಳ ಒಂದು ಪಟ್ಟಿ ಮಾಡಿದೆ: ದಾರಿ, ನೀರು, ನೆರಳು, ನೆರವು. ಈ ನಾಲ್ಕರಲ್ಲಿಯೂ ತೇರ್ಗಡೆಯಾದ ದ್ವೀಪಕ್ಕೆ ಮಾತ್ರ ಹೋಗುವುದೆಂದು ನಿಶ್ಚಯವಾಯಿತು. ಅವನ್ನು ಒಂದೊಂದಾಗಿ ವಿವರಿಸುತ್ತೇನೆ.

ಮೊದಲನೆಯದು ದಾರಿ. ಸಮುದ್ರಯಾನದಲ್ಲಿ ತಲೆಸುತ್ತು, ವಾಂತಿಗಳು ಎರಡು ವರ್ಷಕ್ಕಿಂತ ಚಿಕ್ಕ ಕೂಸುಗಳನ್ನು ಕಾಡುವುದು ಅಪರೂಪ. ಎರಡರಿಂದ ಹನ್ನೆರಡರವರೆಗಿನ ಮಕ್ಕಳನ್ನು ಹೆಚ್ಚಾಗಿ ಕಾಡುತ್ತವೆ. ಕಿವಿಯೊಳಗಿನ ಸಮತೋಲದ ಅಂಗ ‘ನಾವು ಓಲಾಡುತ್ತಿದ್ದೇವೆ’ ಎನ್ನುತ್ತದೆ. ಹಡಗಿನ ಕೋಣೆಯೊಳಗೆ ನೆಟ್ಟ ಕಣ್ಣು ‘ಇಲ್ಲ, ನಾವು ಸ್ಥಿರವಾಗಿದ್ದೇವೆ’ ಎನ್ನುತ್ತದೆ. ಈ ಸಾಕ್ಷಿಗಳ ಜಗಳವೇ ಆ ಸಂಕಟಕ್ಕೆ ಕಾರಣ. ಆದುದರಿಂದ ಹಡಗಿನ ನಡುಭಾಗದಲ್ಲಿ, ಓಲಾಟ ಕಡಮೆಯಿರುವಲ್ಲಿ ಕೂರಿಸಬೇಕು. ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ಕೈಗೆ ಕೊಡದೆ ದೂರದ ದಿಗಂತವನ್ನು ನೋಡಿಸಬೇಕು. ಹೊಟ್ಟೆ ತುಂಬಿಯೂ ಇರಬಾರದು, ಬರಿದಾಗಿಯೂ ಇರಬಾರದು. ಮಾತ್ರೆ ಕೊಡುವುದಾದರೆ ಊರಿನಲ್ಲಿಯೇ ವೈದ್ಯರನ್ನು ಕೇಳಿ, ಮಗುವಿನ ತೂಕಕ್ಕೆ ತಕ್ಕಂತೆ. ಇವೆಲ್ಲಕ್ಕಿಂತ ಮುಖ್ಯವಾದುದು ಪ್ರಯಾಣದ ಅವಧಿ. ಒಂದೆರಡು ಗಂಟೆಯ ಕಡಲನ್ನು ಯಾವ ಮಗುವಾದರೂ ತಾಳಿಕೊಂಡೀತು. ಅಂತೆಯೇ ಮರಳುವ ದಾರಿಯನ್ನೂ ವಿಚಾರಿಸಬೇಕು: ದಿನಕ್ಕೆ ಎಷ್ಟು ದೋಣಿ, ಗಾಳಿ ಎದ್ದರೆ ಎಷ್ಟು ದಿನ ನಿಲ್ಲುತ್ತದೆ, ಇಳಿತದಲ್ಲಿಯೂ ದೋಣಿ ಹೊರಡುವುದೇ? ಈ ಕೊನೆಯ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ.

ಎರಡನೆಯದು ನೀರು. ಇದರಲ್ಲಿ ಎರಡು ಬಗೆ: ಆಡುವ ನೀರು, ಕುಡಿಯುವ ನೀರು. ಕಡಲನ್ನು ನೋಡಿ ಅದರ ಗುಣವನ್ನು ಹೇಳುವುದು ಕಷ್ಟ. ಮಕ್ಕಳಿಗೆ ಬೇಕಾದದ್ದು ಅಲೆ ಒಡೆಯುವ ತೆರೆದ ಕಡಲಲ್ಲ. ಹವಳದ ದಿಬ್ಬವೊಂದು ಕೋಟೆಯ ಗೋಡೆಯಂತೆ ಹೊರಗೆ ನಿಂತು, ದೊಡ್ಡ ಅಲೆಗಳನ್ನೆಲ್ಲ ತನ್ನ ಮೈಮೇಲೆ ಒಡೆಸಿಕೊಂಡು, ಒಳಗೆ ಮೊಣಕಾಲುದ್ದದ ಮಡುವನ್ನು ಕಾಪಾಡಿರುತ್ತದೆ. ಇದನ್ನು ಲಗೂನ್ ಎನ್ನುತ್ತಾರೆ. ಮಕ್ಕಳ ಸ್ಥಳ ಇದು. ಇಲ್ಲಿಯೂ ಒಂದು ನಿಯಮವನ್ನು ಮೀರಬಾರದು: ನೀರಿನಲ್ಲಿರುವ ಮಗುವಿಗೂ ದೊಡ್ಡವರೊಬ್ಬರಿಗೂ ನಡುವೆ ಒಂದು ತೋಳಿನ ಅಂತರ ಮಾತ್ರ ಇರಬೇಕು. ಮುಳುಗುವ ಮಗು ಕಥೆಗಳಲ್ಲಿಯಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಗಾಳಿ ತುಂಬಿದ ಟ್ಯೂಬುಗಳನ್ನು ನಂಬುವಂತಿಲ್ಲ. ದಡದಿಂದ ಕಡಲಿನತ್ತ ಬೀಸುವ ಗಾಳಿ ಅವನ್ನು ಕಣ್ಣು ಮಿಟುಕಿಸುವುದರೊಳಗೆ ಒಯ್ದುಬಿಡುತ್ತದೆ.

ಕುಡಿಯುವ ನೀರಿನ ವಿಚಾರವೂ ಸ್ವಾರಸ್ಯವಾದುದು. ಹವಳದ ಚಿಕ್ಕ ದ್ವೀಪಗಳಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ಒಂದು ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ. ಶಾಸ್ತ್ರದ ಲೆಕ್ಕದಂತೆ, ಕಡಲಮಟ್ಟದ ಮೇಲೆ ಒಂದಡಿ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತಡಿ ಸಿಹಿನೀರು ಇರಬಲ್ಲದು. ಮೇಲಿನ ಒಂದಡಿಯನ್ನು ಸೇದಿ ಬರಿದು ಮಾಡಿದರೆ ಕೆಳಗಿನಿಂದ ಉಪ್ಪು ಮೇಲೇರುತ್ತದೆ. ಆದುದರಿಂದಲೇ ಲಕ್ಷದ್ವೀಪದ ಕವರತ್ತಿಯಲ್ಲಿ ೨೦೦೫ರಲ್ಲಿ ನಮ್ಮ ವಿಜ್ಞಾನಿಗಳು ಕಡಲಿನ ಮೇಲ್ಪದರದ ಬೆಚ್ಚಗಿನ ನೀರನ್ನು ಕಡಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಸ್ಥಾವರವನ್ನು ಕಟ್ಟಿದರು. ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಅದರ ಸಾಮರ್ಥ್ಯ. ಇದನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಅಲ್ಲಿ ನಾವು ಚೆಲ್ಲುವ ಒಂದೊಂದು ಬಕೆಟ್ ನೀರೂ ಆ ದ್ವೀಪದ ಮಕ್ಕಳ ಪಾಲಿನದು. ನಮ್ಮ ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಬೇಕು. ಸ್ನಾನಕ್ಕೆ ಒಂದು ಬಕೆಟ್ಟು ಸಾಕೆಂದು ಕಲಿಸಬೇಕು.

ಮೂರನೆಯದು ನೆರಳು. ಛಾಯಾಚಿತ್ರದಲ್ಲಿ ಸುಂದರವಾಗಿ ಕಾಣುವ ಬರಿಯ ಮರಳಿನ ದಿಬ್ಬ ಎಳೆಯ ಮಕ್ಕಳಿಗೆ ಕಾದ ಹಂಚು. ಹವಳದ ಬಿಳಿ ಮರಳು ಬಿಸಿಲನ್ನು ಕೆಳಗಿನಿಂದಲೂ ಎರಚುತ್ತದೆ. ಟೊಪ್ಪಿಗೆ ಹಾಕಿದ ಮಗುವಿನ ಗಲ್ಲವೂ ಸುಡುತ್ತದೆ. ದಡದವರೆಗೆ ಮರಗಳಿರುವ ದ್ವೀಪವನ್ನು ಆರಿಸಬೇಕು. ಆದರೆ ತೆಂಗಿನ ಮರದ ನೆರಳು ನೆರಳಲ್ಲ. ಕಾಯಿ ಯಾವಾಗ ಬಿದ್ದೀತೆಂದು ತೋಟದವನೇ ಹೇಳಲಾರ. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ ಕಡಲಿಗೆ. ನಡುವಣ ಹೊತ್ತು ಮಾಡಿನ ಕೆಳಗೆ, ಕಥೆಗೆ ಮತ್ತು ನಿದ್ದೆಗೆ.

ನಾಲ್ಕನೆಯದು ನೆರವು. ದ್ವೀಪದಲ್ಲಿ ವೈದ್ಯರಿದ್ದಾರೆಯೇ, ಆರೋಗ್ಯ ಕೇಂದ್ರ ಎಷ್ಟು ದೂರ, ರಾತ್ರಿ ತೆರೆದಿರುತ್ತದೆಯೇ, ಹೆಚ್ಚಿನ ಚಿಕಿತ್ಸೆಗೆ ಎಲ್ಲಿಗೆ ಕಳಿಸುತ್ತಾರೆ, ಹೇಗೆ ಕಳಿಸುತ್ತಾರೆ? ಕೊಠಡಿಯ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವು. ಅದಕ್ಕಿಂತಲೂ ದೊಡ್ಡ ನೆರವು ಸುತ್ತಲೂ ಜನರಿರುವುದು. ನಿರ್ಜನತೆ ಬೇರೆ, ಶಾಂತಿ ಬೇರೆ. ಸಂಸಾರಗಳು ವಾಸಿಸುವ, ಶಾಲೆಯ ಗಂಟೆ ಕೇಳುವ, ದನಕರು ಓಡಾಡುವ ದ್ವೀಪದಲ್ಲಿ ಮಗುವಿಗೆ ಹಾಲು ಸಿಗುತ್ತದೆ, ಅಕ್ಕಿ ಸಿಗುತ್ತದೆ, ಅರ್ಧರಾತ್ರಿಯಲ್ಲಿ ಗಂಜಿ ಕಾಯಿಸಿಕೊಡುವ ಕೈ ಸಿಗುತ್ತದೆ.

ಈ ನಾಲ್ಕು ಅಳತೆಗೋಲುಗಳನ್ನು ಹಿಡಿದು ನಾವು ಮೂರು ಕಡೆಗಳನ್ನು ತೂಗಿ ನೋಡಿದೆವು.

ಮೊದಲು ಮನೆಗೆ ಹತ್ತಿರದ್ದು. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಿಗೆ ದೋಣಿಯಲ್ಲಿ ಸುಮಾರು ಅರ್ಧ ಗಂಟೆ. ಅಲ್ಲಿ ಆರು ಮೂಲೆಯ ಕಂಬಗಳನ್ನು ಯಾರೋ ಜೋಡಿಸಿಟ್ಟಂತೆ ನಿಂತಿರುವ ಶಿಲೆಗಳು, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಎಂದರೆ ಸುಮಾರು ಎಂಟೂವರೆ ಕೋಟಿ ವರ್ಷಗಳಿಗೂ ಹಿಂದೆ, ಉಕ್ಕಿದ ಲಾವಾ ತಣ್ಣಗಾಗುತ್ತ ಸೀಳಿ ಆದವು. ಶಾಲೆಗೆ ಹೋಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಭೂಗರ್ಭದ ಪಾಠ ಬೇರೆಯಿಲ್ಲ. ಆದರೆ ಅಲ್ಲಿ ತಂಗುವ ಅವಕಾಶವಿಲ್ಲ. ಬಂಡೆಗಳು ಹರಿತ, ಅವುಗಳ ಆಚೆಗೆ ತೆರೆದ ಕಡಲು. ೨೦೨೨ರ ಏಪ್ರಿಲಿನಲ್ಲಿ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಅಲ್ಲಿಯ ನೀರಿನಲ್ಲಿ ಪ್ರಾಣ ಕಳೆದುಕೊಂಡರು. ಒಂದು ಬೆಳಗಿನ ಸಂಚಾರಕ್ಕೆ ಅದು ಯೋಗ್ಯ. ನಾಲ್ಕು ದಿನದ ವಾಸಕ್ಕಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿಯಂತೂ ಕಡಿದಾದ ಬಂಡೆಗಳ ದ್ವೀಪ, ಮುಳುಗುಗಾರರ ಸ್ಥಳ. ತೀರ ಎಳೆಯ ಮಕ್ಕಳಿರುವವರು ಕಡಲನ್ನೇ ಬಿಟ್ಟು, ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಕೋಡಿಬೆಂಗ್ರೆಯ ಆಸುಪಾಸಿನ ಕುದ್ರುಗಳನ್ನು ನೋಡಿಬರುವುದು ಮೇಲು.

ಎರಡನೆಯದು ಲಕ್ಷದ್ವೀಪ. ಕನ್ನಡ ನಾಡಿಗೆ ಅದು ಅಪರಿಚಿತವಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದು, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ವಶವಾಗಿ, ಮಂಗಳೂರಿನಿಂದ ಆಳಲ್ಪಡುತ್ತಿದ್ದವು. ಕಾವೇರಿಯ ನಡುಗಡ್ಡೆಯೊಂದರಲ್ಲಿ ಕುಳಿತ ಅರಸು ಕಡಲಿನ ನಡುಗಡ್ಡೆಗಳನ್ನು ಆಳಿದನೆಂಬುದು ಸೋಜಿಗವಲ್ಲವೇ? ೧೯೫೬ರ ನವೆಂಬರ್ ೧ರಂದು, ಕನ್ನಡ ನಾಡು ಒಂದಾದ ದಿನವೇ, ಅವು ದಕ್ಷಿಣ ಕನ್ನಡದ ನಂಟು ಕಳಚಿಕೊಂಡು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ತೆಂಗಿನ ನಾರು, ಕೊಬ್ಬರಿಗಳನ್ನು ತುಂಬಿದ ಅಲ್ಲಿಯ ಹಾಯಿಹಡಗುಗಳು ತಲೆಮಾರುಗಳ ಕಾಲ ಮಂಗಳೂರಿನ ಬಂದರಿಗೆ ಬರುತ್ತಿದ್ದವು.

ಕಡಮತ್ ದ್ವೀಪ ಸುಮಾರು ೯ ಕಿ.ಮೀ. ಉದ್ದ, ಅತಿ ಅಗಲವಾದ ಕಡೆಯೂ ಅರ್ಧ ಕಿ.ಮೀ.ಗಿಂತ ತುಸು ಹೆಚ್ಚು. ಪಶ್ಚಿಮಕ್ಕೆ ವಿಶಾಲವಾದ ಲಗೂನ್, ಪೂರ್ವಕ್ಕೊಂದು ಕಿರಿದಾದದ್ದು. ನೀರಿನಲ್ಲಿ ಅದು ಮೊದಲನೆಯ ದರ್ಜೆಯಲ್ಲಿ ತೇರ್ಗಡೆ. ಲಕ್ಷದ್ವೀಪದಲ್ಲೆಲ್ಲ ಒಟ್ಟು ನೆಲ ೩೨ ಚದರ ಕಿ.ಮೀ.; ೨೦೧೧ರ ಜನಗಣತಿಯಂತೆ ಚದರ ಕಿ.ಮೀ.ಗೆ ಎರಡು ಸಾವಿರಕ್ಕೂ ಹೆಚ್ಚು ಜನ. ಹಾಗಿದ್ದೂ ಅದು ಶಾಂತ ಸ್ಥಳವೆಂದು ಹೆಸರಾಗಿರುವುದು ಶಾಂತಿಗೆ ನಿರ್ಜನತೆ ಬೇಕಿಲ್ಲವೆಂಬುದಕ್ಕೆ ಸಾಕ್ಷಿ. ತೊಡಕು ಇರುವುದು ದಾರಿಯಲ್ಲಿ. ಅಗತ್ತಿಯವರೆಗೆ ವಿಮಾನವುಂಟು, ಅಲ್ಲಿಂದ ಮುಂದಕ್ಕೆ ಕಡಲೇ. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಹದಿನಾಲ್ಕು ಗಂಟೆಗೂ ಮಿಕ್ಕ ಪ್ರಯಾಣ. ಮುಂಗಡವಾಗಿ ಪ್ರವೇಶದ ಪರವಾನಗಿ ಪಡೆಯಬೇಕು. ತೀವ್ರವಾದ ಕಾಯಿಲೆಯಾದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಒಯ್ಯುವ ವ್ಯವಸ್ಥೆಯಿದೆ, ಆದರೆ ಅದು ಹವಾಮಾನಕ್ಕೆ ಅಧೀನ. ಮಕ್ಕಳು ಹತ್ತು ವರ್ಷ ದಾಟಲಿ, ಆಗ ಹೋಗೋಣವೆಂದು ಅದನ್ನು ತೆಗೆದಿರಿಸಿದೆವು.

ಮೂರನೆಯದಾಗಿ ಅಂಡಮಾನಿನ ನೀಲ್ ದ್ವೀಪ. ೨೦೧೮ರ ಕೊನೆಯಿಂದ ಅದರ ಅಧಿಕೃತ ನಾಮ ಶಹೀದ್ ದ್ವೀಪ. ಚೆನ್ನೈನಿಂದ ೧,೩೦೦ ಕಿ.ಮೀ.ಗೂ ಮಿಕ್ಕಿ ದೂರದ ಪೋರ್ಟ್ ಬ್ಲೇರ್‌ಗೆ, ೨೦೨೪ರಿಂದ ಅದನ್ನು ಶ್ರೀ ವಿಜಯಪುರಂ ಎನ್ನುತ್ತಾರೆ, ವಿಮಾನದಲ್ಲಿ ಹೋಗಿ, ಅಲ್ಲಿಂದ ಹಡಗಿನಲ್ಲಿ ಒಂದೂವರೆ ಎರಡು ಗಂಟೆ. ನಮ್ಮ ದೇಶದವರಿಗೆ ಅಲ್ಲಿಗೆ ಪರವಾನಗಿ ಬೇಕಿಲ್ಲ. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡ ಪೂರ್ವ ಬಂಗಾಳದ ಕುಟುಂಬಗಳನ್ನು ೧೯೬೦ರ ದಶಕದಲ್ಲಿ ಅಲ್ಲಿ ನೆಲೆಗೊಳಿಸಿದರು. ಅವರು ಗದ್ದೆ ಮಾಡಿದರು, ತರಕಾರಿ ಬೆಳೆದರು. ಇಂದು ಅಂಡಮಾನಿನ ಕಾಯಿಪಲ್ಲೆಯ ಬುಟ್ಟಿಯೆಂದೇ ಅದಕ್ಕೆ ಹೆಸರು. ತೀರಗಳಿಗೆ ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಎಂದು ರಾಮಾಯಣದ ಹೆಸರುಗಳು. ಆರೋಗ್ಯ ಕೇಂದ್ರವಿದೆ, ಶಾಲೆಯಿದೆ, ಮಾರುಕಟ್ಟೆಯಿದೆ. ಪಕ್ಕದ ಹ್ಯಾವ್ಲಾಕ್ ದ್ವೀಪಕ್ಕೆ, ಈಗಿನ ಸ್ವರಾಜ್ ದ್ವೀಪಕ್ಕೆ, ಬರುವಷ್ಟು ಜನಜಂಗುಳಿ ಇಲ್ಲಿಗೆ ಬರುವುದಿಲ್ಲ. ನಾಲ್ಕರಲ್ಲಿ ನಾಲ್ಕೂ ಸಂದವು. ಸೊಸೆ ಪಟ್ಟಿಯನ್ನು ಎರಡು ಸಲ ಓದಿ, “ಆಗಲಿ ಅತ್ತೆ, ಆದರೆ ಔಷಧದ ಚೀಲ ನಾನೇ ಕಟ್ಟುತ್ತೇನೆ” ಎಂದಳು.

ಹೋಗುವ ಕಾಲವನ್ನು ಗೊತ್ತುಮಾಡುವುದು ಉಳಿದಿತ್ತು. ಅಂಡಮಾನಿಗೆ ಎರಡೂ ಮುಂಗಾರುಗಳ ಮಳೆ ಸಲ್ಲುವುದರಿಂದ ಡಿಸೆಂಬರಿನಿಂದ ಏಪ್ರಿಲಿನವರೆಗಿನ ಕಾಲ ಮೇಲು. ವರ್ಷಾಂತ್ಯದ ಜಾತ್ರೆ ಕಳೆಯಲೆಂದು ಜನವರಿಯ ಮೂರನೆಯ ವಾರವನ್ನು ಆರಿಸಿದೆವು. ಮೊಮ್ಮಗಳಿಗೆ ಒಂದು ವಾರದ ಶಾಲೆ ತಪ್ಪಿತು. ಮೇಷ್ಟ್ರಿಣಿಯಾಗಿದ್ದ ನಾನೇ ರಜೆಯ ಚೀಟಿ ಬರೆದುಕೊಟ್ಟೆ. ಇದಾದ ಮೇಲೆ ಪಂಚಾಂಗ. ನಗಬೇಡಿ, ಕಡಲಿಗೂ ತಿಥಿಯುಂಟು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡಿ ಉಬ್ಬರವೂ ದೊಡ್ಡದಾಗುತ್ತದೆ, ಇಳಿತವೂ ದೊಡ್ಡದಾಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸೌಮ್ಯ. ಭರತಪುರದ ತೀರದಲ್ಲಿ ದೊಡ್ಡ ಇಳಿತವಾದಾಗ ಹವಳದ ಹಾಸು ಬಯಲಾಗಿ ಮಕ್ಕಳು ಆಡಲು ನೀರೇ ಇರುವುದಿಲ್ಲ. ದಿನದಿಂದ ದಿನಕ್ಕೆ ಉಬ್ಬರ ಸುಮಾರು ೫೦ ನಿಮಿಷ ತಡವಾಗಿ ಬರುವುದೆಂಬುದನ್ನು ನೆನಪಿಟ್ಟುಕೊಂಡರೆ, ಮೊದಲ ದಿನದ ವೇಳೆಯಿಂದ ಉಳಿದ ದಿನಗಳ ವೇಳೆಯನ್ನು ಬೆರಳೆಣಿಕೆಯಲ್ಲಿ ಹೇಳಬಹುದು.

ಅಲ್ಲಿ ಹೇಗಿದ್ದೆವೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಭಾರತದ ಗಡಿಯಾರ ೮೨½ ಡಿಗ್ರಿ ರೇಖಾಂಶಕ್ಕೆ ಹೊಂದಿದ್ದು. ಅಂಡಮಾನು ಅಲ್ಲಿಂದ ಹತ್ತು ಡಿಗ್ರಿ ಪೂರ್ವಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿ ಬೇಗ ಬರುತ್ತಾನೆ, ಬೇಗ ಹೋಗುತ್ತಾನೆ. ನಮ್ಮ ಶಿವಮೊಗ್ಗೆಗಿಂತ ಒಂದು ಗಂಟೆಗೂ ಮೊದಲು. ಸಂಜೆ ಐದು ದಾಟುತ್ತಲೇ ಸೂರ್ಯಾಸ್ತ, ಆರಕ್ಕೆ ಕತ್ತಲೆ, ಏಳಕ್ಕೆ ಊಟ, ಎಂಟಕ್ಕೆ ಮಕ್ಕಳಿಗೆ ನಿದ್ದೆ. ಊರಿನಲ್ಲಿ ಹತ್ತಾದರೂ ಕಣ್ಣು ಮುಚ್ಚದ ಮಕ್ಕಳು ಅಲ್ಲಿ ಐದಕ್ಕೆಲ್ಲ ಹಕ್ಕಿಗಳಂತೆ ಎದ್ದರು. ದೂರವಾಣಿಯ ಸಂಪರ್ಕ ಆಗಾಗ ಕಡಿಯುತ್ತಿದ್ದುದರಿಂದ ಮಗನೂ ಮನುಷ್ಯನಾದ. ಜೌಗು ಕಾಂಡ್ಲಾಗಿಡಗಳ ಕಡೆಗೆ ಹೋಗಲಿಲ್ಲ. ಅಂಡಮಾನಿನ ಕೋಡಿಗಳಲ್ಲಿ ಉಪ್ಪುನೀರಿನ ಮೊಸಳೆಗಳುಂಟು, ಎಚ್ಚರಿಕೆಯ ಫಲಕವಿರುವಲ್ಲಿ ಧೈರ್ಯಕ್ಕೆ ಕೆಲಸವಿಲ್ಲ. ನೀರಿಗಿಳಿಯುವಾಗ ಎಲ್ಲರ ಕಾಲಿನಲ್ಲಿಯೂ ರಬ್ಬರಿನ ಪಾದರಕ್ಷೆ. ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ.

ಒಂದು ಮಧ್ಯಾಹ್ನ ಕಿರಿಯವನು ಕೇಳಿದ: “ಅಜ್ಜಿ, ಈ ದ್ವೀಪ ತೇಲ್ತಾ ಇದೆಯಾ? ರಾತ್ರಿ ಎಲ್ಲಿಗಾದ್ರೂ ಹೋಗಿಬಿಟ್ರೆ?” ಆ ಹಳೆಯ ರಾತ್ರಿಯ ನೆನಪು ಅವನಿಗಿರಲಿಕ್ಕಿಲ್ಲ, ನನಗಿತ್ತು. ಮರಳಿನಲ್ಲಿ ಬೆಟ್ಟಗಳ ಸಾಲೊಂದನ್ನು ಮಾಡಿ, ಸುತ್ತಲೂ ನೀರು ಸುರಿದು ತೋರಿಸಿದೆ. ಬರ್ಮಾದ ಅರಕಾನ್ ಯೋಮಾ ಪರ್ವತಗಳು ಕಡಲಿನೊಳಗೆ ಇಳಿದು ಮುಂದುವರಿದಿವೆ. ಅವುಗಳ ನೆತ್ತಿಗಳೇ ಅಂಡಮಾನು. “ನಾವು ಬೆಟ್ಟದ ತಲೆಯ ಮೇಲೆ ಕುಳಿತಿದ್ದೇವೆ ಕಣೋ, ಎಲ್ಲಿಗೂ ಹೋಗುವುದಿಲ್ಲ” ಎಂದೆ. ಅವನು ನಂಬಿದ. ಲಕ್ಷದ್ವೀಪದ ಕಥೆ ಬೇರೆ: ಮುಳುಗುತ್ತಿರುವ ಬೆಟ್ಟದ ಸುತ್ತ ಹವಳದ ಹುಳುಗಳು ಮೇಲ್ಮೇಲಕ್ಕೆ ಗೋಡೆ ಕಟ್ಟುತ್ತ ಬಂದು, ಕೊನೆಗೆ ಬೆಟ್ಟ ಮರೆಯಾಗಿ ಉಂಗುರ ಮಾತ್ರ ಉಳಿಯುತ್ತದೆಂದು ೧೮೪೨ರಲ್ಲಿ ಡಾರ್ವಿನ್ ವಿವರಿಸಿದ. ಅದನ್ನು ಮುಂದಿನ ಪ್ರವಾಸಕ್ಕೆಂದು ಉಳಿಸಿಕೊಂಡೆ.

ಹೊರಡುವ ದಿನ ಮೊಮ್ಮಗಳ ಕೈಚೀಲದಲ್ಲಿ ಒಂದು ಹವಳದ ಕೊಂಬೆಯೂ ಎರಡು ಶಂಖಗಳೂ ಸಿಕ್ಕಿದವು. ಹವಳವನ್ನು ಒಯ್ಯುವುದು ವನ್ಯಜೀವಿ ಕಾನೂನಿನಂತೆ ಅಪರಾಧ. ಕೆಲವು ಜಾತಿಯ ಶಂಖಗಳಿಗೂ ಅದೇ ರಕ್ಷಣೆಯುಂಟು. ಅದಲ್ಲದೆ, ಚೂಪಾದ ಬಣ್ಣಬಣ್ಣದ ಶಂಖದೊಳಗೆ ವಿಷದ ಮುಳ್ಳುಳ್ಳ ಜೀವಂತ ಹುಳು ಇರಬಹುದಾದುದರಿಂದ ಮಕ್ಕಳು ಅವನ್ನು ಮುಟ್ಟಲೇ ಬಾರದು. ಅಷ್ಟನ್ನೂ ಹೇಳಿದೆ. ಅವಳ ಕಣ್ಣು ತುಂಬಿತು. “ಒಂದೇ ಒಂದು, ಅಜ್ಜಿ” ಎಂದಳು. ಕಾನೂನನ್ನು ಬದಿಗಿಟ್ಟು ಇನ್ನೊಂದು ಮಾತು ಹೇಳಿದೆ: ನಾವು ನಾಲ್ಕು ದಿನ ಆಡಿದ ತಿಳಿನೀರನ್ನು ದೊಡ್ಡ ಅಲೆಗಳಿಂದ ಕಾದದ್ದು ಈ ಹವಳದ ಗೋಡೆ, ಬಂದವರೆಲ್ಲ ಒಂದೊಂದು ಕಲ್ಲು ಕಿತ್ತರೆ ಮುಂದೆ ಬರುವ ಮಕ್ಕಳು ಎಲ್ಲಿ ಆಡಬೇಕು? ಅವಳು ಬಹಳ ಹೊತ್ತು ಸುಮ್ಮನಿದ್ದು, ತಾನೇ ನಡೆದುಹೋಗಿ, ಮೂರನ್ನೂ ನೀರಿನಂಚಿನಲ್ಲಿಟ್ಟು ಬಂದಳು. ಓ.ಆರ್.ಎಸ್. ಪೊಟ್ಟಣಗಳನ್ನು ಸೊಸೆ ಒಡೆಯದೆಯೇ ಊರಿಗೆ ವಾಪಸು ತಂದಳು.

ಕೇಳುಗರೇ, ನಿಮ್ಮ ಆಯ್ಕೆ ನೀಲ್ ದ್ವೀಪವೇ ಆಗಬೇಕಿಲ್ಲ. ಗೋವೆಯ ಮಾಂಡವಿಯಲ್ಲಿ, ಅಸ್ಸಾಮಿನ ಬ್ರಹ್ಮಪುತ್ರದಲ್ಲಿ, ನಮ್ಮದೇ ಕಾವೇರಿಯಲ್ಲಿ ನಡುಗಡ್ಡೆಗಳುಂಟು. ಎಲ್ಲಿಗೆ ಹೋದರೂ ಆ ನಾಲ್ಕು ಮಾತುಗಳನ್ನು ಕೇಳಿಕೊಂಡು ಹೋಗಿ. ಶಾಂತಿಯೆಂದರೆ ಯಾರೂ ಇಲ್ಲದಿರುವುದಲ್ಲ. ಮಕ್ಕಳು ಮಲಗಿದ ಮೇಲೆ ಕತ್ತಲೆಯಲ್ಲಿ ಅಲೆಯ ಸದ್ದನ್ನು ಕೇಳುತ್ತ ಕುಳಿತ ತಾಯಿಗೆ, ಅರ್ಧರಾತ್ರಿಯಲ್ಲಿ ಏನಾದರೂ ಆದರೆ ಏನು ಮಾಡಬೇಕೆಂಬುದು ಮೊದಲೇ ತಿಳಿದಿರುವುದು; ತಿಳಿದಿರುವುದರಿಂದಲೇ ಅದನ್ನು ಮರೆತು ಅಲೆಯನ್ನು ಕೇಳಲು ಸಾಧ್ಯವಾಗುವುದು. ನಮ್ಮ ಮೊದಲ ದ್ವೀಪದಲ್ಲಿ ಅಲೆಯ ಸದ್ದು ಹೇಗಿತ್ತೆಂದು ನನ್ನ ಸೊಸೆಗೆ ನೆನಪೇ ಇಲ್ಲ. ಎರಡನೆಯದರಲ್ಲಿ ಹೇಗಿತ್ತೆಂದು ಅವಳು ಈಗಲೂ ಹೇಳುತ್ತಾಳೆ.